ಬೆಂಕಿ ಉರಿಯುತ್ತಿದೆ, ಹಾಲು ತಣ್ಣಗಾಗುತ್ತಿಲ್ಲ: ಆರ್‌ವಿ ಫ್ರಿಜ್ ಪ್ರಶ್ನೋತ್ತರ

ಬೇಸಿಗೆ ರಜೆ ಶುರುವಾಯಿತೆಂದರೆ ಅಮೆರಿಕದ ಓದುಗರಿಂದ ಆರ್‌ವಿ (ಮಲಗಲು, ಅಡುಗೆಗೆ ಅನುಕೂಲವಿರುವ ಪ್ರವಾಸದ ವಾಹನ) ಫ್ರಿಜ್ ಬಗ್ಗೆ ಪ್ರಶ್ನೆಗಳು ಬರತೊಡಗುತ್ತವೆ. ಈ ಸಲ ಅವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಮೆಲ್ಬರ್ನ್‌ನಿಂದ ಒಂದು, ಮಡಿಕೇರಿಯಿಂದ ಒಂದು ಪ್ರಶ್ನೆಯೂ ಇವೆ. ಊರು ಬೇರೆಯಾದರೂ ಯಂತ್ರದ ಜಾತಿ ಒಂದೇ.

ಪ್ರಶ್ನೆ: ನಮ್ಮ ಮೋಟರ್‌ಹೋಮ್‌ನಲ್ಲಿರುವುದು ಗ್ಯಾಸ್ ಮತ್ತು ಕರೆಂಟ್ ಎರಡರಲ್ಲೂ ಓಡುವ ಫ್ರಿಜ್. ಗ್ಯಾಸಿಗೆ ಹಾಕಿದರೆ ಚೆನ್ನಾಗಿ ತಣ್ಣಗಾಗುತ್ತದೆ. ಕ್ಯಾಂಪಿಗೆ ಹೋಗಿ ಕರೆಂಟಿಗೆ ಬದಲಿಸಿದರೆ ಮರುದಿನವೇ ಮೊಸರು ಹುಳಿ. ಕೂಲಿಂಗ್ ಯುನಿಟ್ಟೇ ಹೋಗಿದೆ, ಪೂರ್ತಿ ಬದಲಿಸಬೇಕು ಎನ್ನುತ್ತಾರೆ ರಿಪೇರಿಯವರು. ನಿಜವೇ? – ಓದುಗರು, ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಉತ್ತರ: ಅಲ್ಲ. ಗ್ಯಾಸಿನಲ್ಲಿ ತಣ್ಣಗಾಗುತ್ತಿದೆ ಎಂದ ಮೇಲೆ ಕೂಲಿಂಗ್ ಯುನಿಟ್ ಗಟ್ಟಿಯಾಗಿಯೇ ಇದೆ. ಇದು ಕಾಸಿ ತಣ್ಣಗೆ ಮಾಡುವ ಫ್ರಿಜ್. ಕಂಪ್ರೆಸರ್ ಇಲ್ಲ, ಅಲುಗಾಡುವ ಭಾಗ ಒಂದೂ ಇಲ್ಲ. ಹಿಂಬದಿಯ ಕೊಳವೆಗಳೊಳಗೆ ಅಮೋನಿಯಾ, ನೀರು, ಹೈಡ್ರೋಜನ್ ಮೂರನ್ನೂ ಮುಚ್ಚಿಟ್ಟಿರುತ್ತಾರೆ. ಕೆಳಗಿನ ಬಾಯ್ಲರ್ ಕಾದಾಗ ಅಮೋನಿಯಾ ಆವಿಯಾಗಿ ಮೇಲೇರುತ್ತದೆ, ಚಾವಣಿಯ ಹತ್ತಿರದ ಕಂಡೆನ್ಸರ್‌ನಲ್ಲಿ ಬಿಸಿ ಬಿಟ್ಟು ದ್ರವವಾಗುತ್ತದೆ. ಆ ದ್ರವ ಹೈಡ್ರೋಜನ್ ತುಂಬಿದ ಕೊಳವೆಗೆ ಇಳಿದು ಮತ್ತೆ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ನಮಗೆ ಸಿಗುವ ತಂಪು ಅದೇ. 1922ರಲ್ಲಿ ಸ್ಟಾಕ್‌ಹೋಮ್‌ನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ಕಟ್ಟಿದ ಏರ್ಪಾಡು ಇದು. ಇಂದಿಗೂ ಹೆಚ್ಚೇನೂ ಬದಲಾಗಿಲ್ಲ.

ಬಾಯ್ಲರಿಗೆ ಶಾಖ ಕೊಡುವುದು ಗ್ಯಾಸಿನ ಜ್ವಾಲೆಯೋ ಕರೆಂಟಿನ ಕಾಯಿಲೋ ಎಂಬುದರಿಂದ ಒಳಗಿನ ಕೊಳವೆಗೆ ಯಾವ ವ್ಯತ್ಯಾಸವೂ ಇಲ್ಲ. ಒಂದರಲ್ಲಿ ಕೆಲಸ ಮಾಡಿ ಇನ್ನೊಂದರಲ್ಲಿ ಮಾಡದಿದ್ದರೆ ದೋಷ ಒಲೆಯದು, ಫ್ರಿಜ್ಜಿನದಲ್ಲ. ಯಾರಾದರೂ ಯುನಿಟ್ ಬದಲಿಸಿ ಎಂದರೆ ಎರಡರಲ್ಲೂ 12–12 ಗಂಟೆ ಓಡಿಸಿ ನೋಡಿದ್ದೀರಾ ಎಂದು ಮೊದಲು ಕೇಳಿ.

ನಿಮ್ಮಲ್ಲಿ ನೋಡಬೇಕಾದದ್ದು ಹೀಟಿಂಗ್ ಎಲಿಮೆಂಟ್, ಅಂದರೆ ಆ ಕರೆಂಟಿನ ಕಾಯಿಲ್. ಹೊರಗಿನ ಕೆಳ ಜಾಲರಿ ತೆಗೆದು, ಫ್ರಿಜ್ಜಿನ ಪ್ಲಗ್ ಕಿತ್ತು, 12 ವೋಲ್ಟಿನ ಸಂಪರ್ಕವನ್ನೂ ತಪ್ಪಿಸಿ. ಎಲಿಮೆಂಟಿನ ಎರಡು ತಂತಿಗಳನ್ನು ಕಂಟ್ರೋಲ್ ಬೋರ್ಡಿನಿಂದ ಬಿಡಿಸಿ ಮಲ್ಟಿಮೀಟರಿನಲ್ಲಿ ಓಮ್ ಅಳೆಯಿರಿ. 120 ವೋಲ್ಟಿನ 325 ವ್ಯಾಟ್ ಎಲಿಮೆಂಟ್ ಆದರೆ ಸುಮಾರು 44 ಓಮ್, 300 ವ್ಯಾಟ್ ಆದರೆ 48 ಬರಬೇಕು. ದೊಡ್ಡ ಫ್ರಿಜ್ಜುಗಳಲ್ಲಿ 225 ವ್ಯಾಟಿನ ಎರಡು ಎಲಿಮೆಂಟ್ ಇರುವುದುಂಟು; ಆಗ ಒಂದೊಂದಕ್ಕೂ 64. ಮೀಟರ್ ಏನೂ ತೋರಿಸದಿದ್ದರೆ ಕಾಯಿಲ್ ತುಂಡಾಗಿದೆ. ಎರಡರಲ್ಲಿ ಒಂದು ಸತ್ತಿದ್ದರೆ ಫ್ರಿಜ್ ಅರ್ಧ ಶಾಖದಲ್ಲಿ ಏದುತ್ತಾ ಓಡುತ್ತಿರುತ್ತದೆ, ದೀಪಗಳೆಲ್ಲ ಹಸಿರೇ ಇರುತ್ತವೆ. ಬದಲಿಸುವಾಗ ಅದೇ ವ್ಯಾಟಿನದನ್ನೇ ತನ್ನಿ, ಹಳೆಯದು ಎಷ್ಟು ಆಳಕ್ಕೆ ಕುಳಿತಿತ್ತೋ ಅಷ್ಟೇ ಆಳಕ್ಕೆ ಕೂರಿಸಿ. ಹೆಚ್ಚು ವ್ಯಾಟ್ ಹಾಕಿದರೆ ಹೆಚ್ಚು ತಂಪು ಎಂಬ ಲೆಕ್ಕ ಇಲ್ಲಿ ನಡೆಯದು, ಬಾಯ್ಲರ್ ಸುಟ್ಟೀತು.

ಎಲಿಮೆಂಟ್ ಸರಿಯಿದ್ದರೆ ಕ್ಯಾಂಪಿನ ವೋಲ್ಟೇಜ್ ಅಳೆಯಿರಿ, ಅದೂ ಮಧ್ಯಾಹ್ನ, ಎಲ್ಲರ ಏಸಿಗಳೂ ಓಡುತ್ತಿರುವಾಗ. 120 ಇರಬೇಕಾದಲ್ಲಿ 108 ಇದ್ದರೆ ವೋಲ್ಟೇಜ್ ಕುಸಿದದ್ದು ಶೇ. 10, ಶಾಖ ಕುಸಿಯುವುದು ಶೇ. 19. 300 ವ್ಯಾಟಿನ ಎಲಿಮೆಂಟ್ 243 ವ್ಯಾಟಿಗೆ ಇಳಿಯುತ್ತದೆ. ಅಂಥ ಮಧ್ಯಾಹ್ನಗಳಲ್ಲಿ ಗ್ಯಾಸೇ ಲೇಸು.

ಪ್ರಶ್ನೆ: ಎರಡು ಬಾಗಿಲಿನ ಫ್ರಿಜ್. ಮೇಲೆ ಐಸ್ ಆಗುತ್ತದೆ, ಕೆಳಗೆ 14 ಡಿಗ್ರಿ. ಗ್ಯಾಸ್, ಕರೆಂಟ್ ಎರಡರಲ್ಲೂ ಇದೇ ಕತೆ. ಫ್ರಿಜ್ ಇರುವುದು ಸ್ಲೈಡ್-ಔಟ್‌ನಲ್ಲಿ (ನಿಂತಾಗ ವಾಹನದ ಪಕ್ಕಕ್ಕೆ ಹೊರಚಾಚುವ ಭಾಗ). ಎಲ್ಲಿಂದ ಶುರು ಮಾಡಲಿ? – ಓದುಗರು, ಡಲ್ಲಾಸ್, ಟೆಕ್ಸಸ್

ಉತ್ತರ: ದ್ರವ ಅಮೋನಿಯಾ ಮೊದಲು ಹೋಗುವುದು ಫ್ರೀಜರಿಗೆ. ಅಲ್ಲಿ ಉಳಿದ ಕಸುವಷ್ಟೇ ಕೆಳಗಿನ ಅಲ್ಯೂಮಿನಿಯಂ ಫಿನ್‌ಗಳಿಗೆ (ತಂಪು ಹರಡುವ ತೆಳು ಪಟ್ಟಿಗಳಿಗೆ) ಬರುತ್ತದೆ. ಹಾಗಾಗಿ ಒಟ್ಟು ತಂಪು ಸ್ವಲ್ಪ ಕಡಿಮೆಯಾದರೂ ಪೆಟ್ಟು ಬೀಳುವುದು ಕೆಳಗಿನ ಖಾನೆಗೆ. ಇನ್ನೊಂದು ವಿಷಯ: ಐಸ್ ಆಗುತ್ತದೆ ಎಂಬುದು ಫ್ರೀಜರ್ ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಮೈನಸ್ 2 ಡಿಗ್ರಿಯಲ್ಲೂ ಐಸ್ ಆಗುತ್ತದೆ. ಒಂದು ಐಸ್‌ಕ್ರೀಮ್ ಡಬ್ಬಿ ಇಟ್ಟು ನೋಡಿ. ಚಮಚ ಸಲೀಸಾಗಿ ಇಳಿದರೆ ಫ್ರೀಜರೂ ಸೋತಿದೆ.

ಪರೀಕ್ಷೆ ಹೀಗೆ ಮಾಡಿ. ವಾಹನ ಸಮತಟ್ಟಾಗಿರಲಿ. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಮುಳುಗಿಸಿ ಕೆಳಖಾನೆಯ ನಡುವಿನ ತಟ್ಟೆಯಲ್ಲಿಡಿ, ಇನ್ನೊಂದನ್ನು ಫ್ರೀಜರಿನಲ್ಲಿಡಿ. ಕರೆಂಟಿಗೆ ಹಾಕಿ, ಅತಿ ತಂಪಿನ ಸೆಟ್ಟಿಂಗಿನಲ್ಲಿ ಕನಿಷ್ಠ 12 ಗಂಟೆ, ಸಾಧ್ಯವಾದರೆ 24 ಗಂಟೆ, ಬಾಗಿಲು ತೆರೆಯದೆ ಬಿಡಿ. ಗಾಳಿಯ ಉಷ್ಣತೆ ಅಳೆಯಬೇಡಿ. ಬಾಗಿಲು ತೆರೆದ ಕ್ಷಣ ಅದು ಏರುತ್ತದೆ. ನೀರು 6 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಯುನಿಟ್ ಸರಿಯಿದೆ, ನಿಮ್ಮ ಬಳಕೆಯಲ್ಲೇ ಏನೋ ತೊಡಕಿದೆ.

ಫ್ರೀಜರ್ ಮೈನಸ್ 15ರ ಆಸುಪಾಸಿದ್ದು ಕೆಳಗಷ್ಟೇ ಬಿಸಿ ಎಂದಾದರೆ ಒಳಗಡೆಯೇ ಹುಡುಕಿ. ಫಿನ್‌ಗಳ ಮೇಲೆ ಹಿಮ ದಪ್ಪಗೆ ಕಟ್ಟಿದ್ದರೆ ಅದೊಂದು ಕಂಬಳಿ ಇದ್ದಂತೆ. ಆಫ್ ಮಾಡಿ, ಬಿಸಿನೀರಿನ ಪಾತ್ರೆ ಒಳಗಿಟ್ಟು ಕರಗಿಸಿ, ಚಾಕು ಹಾಕಿ ಕೆರೆಯಬೇಡಿ. ಆಮೇಲೆ ಬಾಗಿಲಿನ ರಬ್ಬರ್. ಒಂದು ನೋಟನ್ನು ಬಾಗಿಲಿಗೆ ಸಿಕ್ಕಿಸಿ ಎಳೆಯಿರಿ, ನಾಲ್ಕೂ ಅಂಚುಗಳಲ್ಲಿ, ಮುಖ್ಯವಾಗಿ ಕೀಲಿನ ಬದಿಯಲ್ಲಿ. ಬಿಗಿಯಿಲ್ಲದೆ ಜಾರಿ ಬಂದ ಕಡೆ ಗಾಳಿ ನುಗ್ಗುತ್ತಿದೆ. ತಟ್ಟೆಗಳ ಮೇಲೆ ಇಡ್ಲಿ ಹಿಟ್ಟಿನ ಅಗಲ ಪಾತ್ರೆ, ಸಾಂಬಾರಿನ ಡಬ್ಬಿ, ತರಕಾರಿ ಚೀಲ ಒತ್ತೊತ್ತಾಗಿ ತುಂಬಿದ್ದರೆ ತಂಪು ಗಾಳಿ ಇಳಿಯಲು ದಾರಿ ಎಲ್ಲಿ? ಮನೆಯ ಫ್ರಿಜ್ಜಿನಂತೆ ಇದರಲ್ಲಿ ಗಾಳಿ ತಳ್ಳುವ ದೊಡ್ಡ ಫ್ಯಾನ್ ಇರುವುದಿಲ್ಲ. ಪ್ರಯಾಣದ ಹಿಂದಿನ ದಿನವೇ ಆನ್ ಮಾಡಿ, ಮನೆಯಲ್ಲಿ ತಣ್ಣಗಾದ ಪದಾರ್ಥಗಳನ್ನಷ್ಟೇ ತುಂಬಿ. ಅಂಗಡಿಯಿಂದ ತಂದ ಎರಡು ಡಜನ್ ಬೆಚ್ಚಗಿನ ಕ್ಯಾನುಗಳನ್ನು ತಣ್ಣಗೆ ಮಾಡಲು ಇದಕ್ಕೆ ಒಂದು ದಿನವೇ ಬೇಕು.

ಫಿನ್‌ಗೆ ಕ್ಲಿಪ್ ಮಾಡಿದ ಪುಟ್ಟ ಥರ್ಮಿಸ್ಟರನ್ನೂ (ಉಷ್ಣತೆ ಅರಿತು ಬೋರ್ಡಿಗೆ ತಿಳಿಸುವ ಭಾಗ) ನೋಡಿ. ತಂಪಾದಷ್ಟೂ ಅದರ ಓಮ್ ಏರುತ್ತದೆ. ಡೊಮೆಟಿಕ್ ಕಂಪನಿಯ ಮಾದರಿಗಳಲ್ಲಿ ಐಸ್ ನೀರಿನಲ್ಲಿ ಹತ್ತು ನಿಮಿಷ ಅದ್ದಿ ಅಳೆದರೆ 7,000ದಿಂದ 10,000 ಓಮ್ ಬರಬೇಕು. ಇದಕ್ಕಿಂತ ಹೆಚ್ಚು ತೋರಿಸಿದರೆ ಬೋರ್ಡ್ ‘ಸಾಕಷ್ಟು ತಣ್ಣಗಾಯಿತು’ ಎಂದು ಮೋಸಹೋಗಿ ಬೇಗ ನಿಲ್ಲಿಸುತ್ತದೆ. ಥರ್ಮಿಸ್ಟರನ್ನು ಫಿನ್ ಮೇಲೆ ಎತ್ತರಕ್ಕೆ ಜರುಗಿಸಿದರೆ ಖಾನೆ ಇನ್ನಷ್ಟು ತಂಪು, ಕೆಳಕ್ಕೆ ಜರುಗಿಸಿದರೆ ಕಡಿಮೆ. ಸಣ್ಣ ಉಪಾಯ, ಆದರೆ ಒಂದೆರಡು ಡಿಗ್ರಿಯ ತಕರಾರು ಇದರಿಂದಲೇ ತೀರುವುದುಂಟು.

ಫ್ರೀಜರೂ ಮೈನಸ್ 4–5ರಲ್ಲಿ ನಿಂತಿದ್ದರೆ ಹೊರಗೆ ಬನ್ನಿ. ಟೆಕ್ಸಸ್ ಬಿಸಿಲು, ಸ್ಲೈಡ್-ಔಟ್ ಎರಡೂ ಕೂಡಿದ್ದರಿಂದ ನಮ್ಮ ಅನುಮಾನ ಇಲ್ಲೇ. ಚಾವಣಿಯಲ್ಲಿ ಕಿಂಡಿ ಇದ್ದರೆ ಬಿಸಿಗಾಳಿ ಹೊಗೆಗೂಡಿನಲ್ಲಿ ಹೋದಂತೆ ನೇರ ಮೇಲಕ್ಕೆ ಹೋಗುತ್ತದೆ. ಸ್ಲೈಡ್-ಔಟ್‌ಗೆ ಆ ಭಾಗ್ಯವಿಲ್ಲ. ಮೇಲೊಂದು ಕೆಳಗೊಂದು ಪಕ್ಕದ ಜಾಲರಿ ಅಷ್ಟೇ. ಮೇಲಿನ ಜಾಲರಿ ತೆಗೆದು ಕಂಡೆನ್ಸರಿನ ಫಿನ್‌ಗಳಿಗೂ ಹೊರಗೋಡೆಗೂ ನಡುವಿನ ಅಂತರವನ್ನು ನೋಡಿ. ಆ ಅಂತರ ಒಂದು ಇಂಚಿಗಿಂತ ಹೆಚ್ಚಿದ್ದರೆ ಗಾಳಿ ಫಿನ್‌ಗಳನ್ನು ಮುಟ್ಟದೆ ಪಕ್ಕದಿಂದಲೇ ನುಸುಳಿಹೋಗುತ್ತದೆ. ಅಲ್ಯೂಮಿನಿಯಂ ಅಥವಾ ತಗಡಿನ ಹಾಳೆಯನ್ನು ಗೋಡೆಗೆ ಬಾಗಿಸಿ ಕೂರಿಸಿ, ಗಾಳಿ ಫಿನ್‌ಗಳ ಮೂಲಕವೇ ಹಾಯುವಂತೆ ಮಾಡಿ. ಫ್ರಿಜ್ಜಿನ ತಲೆಯ ಮೇಲಿನ ಖಾಲಿ ಜಾಗದಲ್ಲಿ ಬಿಸಿಗಾಳಿ ಮಡುಗಟ್ಟಿ ನಿಲ್ಲದಂತೆ ಅದನ್ನೂ ಮುಚ್ಚಿ. ಕಂಪ್ಯೂಟರಿನ 120 ಮಿಲಿಮೀಟರ್, 12 ವೋಲ್ಟಿನ ಎರಡು ಫ್ಯಾನ್‌ಗಳನ್ನು ಕಂಡೆನ್ಸರಿನ ಕೆಳಗೆ, ಮೇಲ್ಮುಖವಾಗಿ ಊದುವಂತೆ ಕಟ್ಟಿ, ಸುಮಾರು 45 ಡಿಗ್ರಿಗೆ ಆನ್ ಆಗುವ ಥರ್ಮಲ್ ಸ್ವಿಚ್ ಹಾಕಿದರೆ ವ್ಯತ್ಯಾಸ ಒಂದೇ ದಿನದಲ್ಲಿ ಕಾಣುತ್ತದೆ. ಫ್ಯಾನಿನ ಗಾಳಿ ಬರ್ನರ್ ಕಡೆ ಮಾತ್ರ ತಿರುಗಬಾರದು. ವಾಹನ ನಿಲ್ಲಿಸುವಾಗ ಫ್ರಿಜ್ಜಿನ ಗೋಡೆ ಪಡುವಣ ಬಿಸಿಲಿಗೆ ಬೀಳದಂತೆ ನಿಲ್ಲಿಸಿ. ಇದಕ್ಕೆ ಕಾಸು ಖರ್ಚಿಲ್ಲ.

ಪ್ರಶ್ನೆ: ಗ್ಯಾಸ್ ಜ್ವಾಲೆ ಹಳದಿಯಾಗಿದೆ, ಆಗಾಗ ಆರುತ್ತದೆ. ಜೆಟ್ಟನ್ನು (ಗ್ಯಾಸ್ ಚಿಮ್ಮುವ ಪುಟ್ಟ ಮೂತಿ) ಸೂಜಿಯಿಂದ ಚುಚ್ಚಿ ಶುಚಿ ಮಾಡಿದ ಮೇಲೆ ಇನ್ನೂ ಕೆಟ್ಟಿತು. ಮುಂದಿನ ತಿಂಗಳು ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಹೊರಟಿದ್ದೇವೆ. – ಓದುಗರು, ಸಿಯಾಟಲ್

ಉತ್ತರ: ಸೂಜಿ ಹಾಕಿದ ದಿನವೇ ಆ ಜೆಟ್ ಮುಗಿಯಿತು. ಅದರ ರಂಧ್ರ ಕೂದಲೆಳೆಯಷ್ಟು. ಸೂಜಿ ಅದನ್ನು ದೊಡ್ಡದು ಮಾಡಿ ಓರೆಯಾಗಿಸುತ್ತದೆ, ಗ್ಯಾಸ್ ಜಾಸ್ತಿಯಾಗಿ ಜ್ವಾಲೆ ಹಳದಿಯಾಗುತ್ತದೆ, ಮಸಿ ಕಟ್ಟುತ್ತದೆ. ಜೆಟ್ ಮೇಲೆ ಕೆತ್ತಿದ ಸಂಖ್ಯೆ ನೋಡಿ ಅದೇ ಸಂಖ್ಯೆಯ ಹೊಸದು ಹಾಕಿ. ಇನ್ನು ಮುಂದೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿ, ಗಾಳಿಯಲ್ಲಿ ಒಣಗಿಸುವುದಷ್ಟೇ.

ಜೊತೆಗೆ ಫ್ಲೂ, ಅಂದರೆ ಹೊಗೆ ಕೊಳವೆ, ಶುಚಿ ಮಾಡಿ. ಬಾಯ್ಲರಿನ ನಡುವಿನಿಂದ ಮೇಲಕ್ಕೆ ಹೋಗುವ ಕೊಳವೆಯಲ್ಲಿ ತಿರುಚಿದ ತಗಡಿನ ಬ್ಯಾಫಲ್ ಒಂದು ತಂತಿಗೆ ನೇತಾಡುತ್ತಿರುತ್ತದೆ. ಶಾಖ ಸುಯ್ಯೆಂದು ಮೇಲೆ ಹೋಗಿಬಿಡದಂತೆ ಅದು ಸುತ್ತಿಸಿ ಬಾಯ್ಲರ್ ಗೋಡೆಗೆ ತಾಗಿಸುತ್ತದೆ. ತೆಗೆಯುವ ಮುನ್ನ ತಂತಿ ಎಷ್ಟು ಉದ್ದ ಇಳಿದಿದೆ ಎಂದು ಗುರುತು ಹಾಕಿಕೊಳ್ಳಿ. ಬ್ಯಾಫಲ್ ತಪ್ಪು ಎತ್ತರಕ್ಕೆ ಬಂದರೆ ಗ್ಯಾಸಿನಲ್ಲಿ ತಂಪು ಕಡಿಮೆಯಾಗುತ್ತದೆ, ಕಾರಣ ಮಾತ್ರ ಯಾರಿಗೂ ಹೊಳೆಯುವುದಿಲ್ಲ. ಬರ್ನರನ್ನು ಬಟ್ಟೆಯಿಂದ ಮುಚ್ಚಿ, ಮೇಲಿನಿಂದ ಬ್ರಷ್ ಆಡಿಸಿ, ಉದುರಿದ ಮಸಿ ಮತ್ತು ತುಕ್ಕಿನ ಚಕ್ಕೆಗಳನ್ನು ತೆಗೆಯಿರಿ. ಬರ್ನರಿನ ಸೀಳುಗಳಲ್ಲಿ ಜೇಡನ ಬಲೆ, ಮಣ್ಣುಗೂಡು ಕಟ್ಟುವ ಕಣಜದ ಗೂಡು ಸಿಕ್ಕರೆ ಆಶ್ಚರ್ಯಪಡಬೇಡಿ. ಕಿಡಿ ಹಾರಿಸುವ ಎಲೆಕ್ಟ್ರೋಡಿಗೂ ಬರ್ನರಿಗೂ ನಡುವೆ 3ರಿಂದ 5 ಮಿಲಿಮೀಟರ್ ಇರಲಿ. ಎಲ್ಲ ಜೋಡಿಸಿದ ಮೇಲೆ ಕೀಲುಗಳಿಗೆ ಸೋಪಿನ ನೀರು ಸವರಿ ಗುಳ್ಳೆ ಏಳುತ್ತದೆಯೇ ನೋಡಲೇಬೇಕು. ಸರಿಯಾದ ಜ್ವಾಲೆ ನೀಲಿ, ನೇರ, ಸಣ್ಣ ಮೊರೆತ ಇರುವಂಥದ್ದು.

ಗ್ಯಾಸಿನ ಒತ್ತಡ 11 ಇಂಚು ನೀರಿನ ಮಟ್ಟ ಇರಬೇಕು. ಅಂದರೆ ಯು ಆಕಾರದ ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ ಒಂದು ತುದಿಗೆ ಗ್ಯಾಸ್ ಕೊಟ್ಟರೆ ಎರಡು ಬದಿಯ ನೀರಿನ ನಡುವೆ 28 ಸೆಂಟಿಮೀಟರ್ ವ್ಯತ್ಯಾಸ. ಸ್ಟೌ ಮತ್ತು ವಾಟರ್ ಹೀಟರ್ ಹಚ್ಚಿಟ್ಟು ಅಳೆಸಿ. ಒತ್ತಡ ಆಗ ಕುಸಿದರೆ ರೆಗ್ಯುಲೇಟರ್ ಹೋಗಿದೆ.

ಯೆಲ್ಲೊಸ್ಟೋನ್ ವಿಚಾರ: 5,500 ಅಡಿಗಿಂತ ಮೇಲೆ ಗಾಳಿ ತೆಳುವಾಗಿ ಗ್ಯಾಸಿನ ಉರಿ ಕುಂದುತ್ತದೆ, ಆರುವುದೂ ಉಂಟು, ಅಲ್ಲಿ ಕರೆಂಟ್ ಬಳಸಿ ಎಂದು ತಯಾರಕರೇ ಹೇಳುತ್ತಾರೆ. ಆ ಉದ್ಯಾನದ ಹೆಚ್ಚಿನ ಭಾಗ 7,000 ಅಡಿಗಿಂತ ಮೇಲಿದೆ, ಕರೆಂಟ್ ಸಂಪರ್ಕ ಇರುವುದು ಫಿಶಿಂಗ್ ಬ್ರಿಜ್ ಆರ್‌ವಿ ಪಾರ್ಕಿನಲ್ಲಿ. ಬೇರೆಡೆ ತಂಗುವುದಾದರೆ ಹಾಲು-ಮೊಸರಿಗೆ ಒಂದು ಐಸ್ ಪೆಟ್ಟಿಗೆ ಜೊತೆಗಿರಲಿ. ಪೆಟ್ರೋಲ್ ಬಂಕಿಗೆ ಹೋಗುವ ಮುನ್ನ ಫ್ರಿಜ್ಜಿನ ಜ್ವಾಲೆ ಆರಿಸುವುದನ್ನು ಮರೆಯಬೇಡಿ.

ಪ್ರಶ್ನೆ: ಇಳಿಜಾರಿನಲ್ಲಿ ಒಂದು ರಾತ್ರಿ ನಿಲ್ಲಿಸಿದರೆ ಫ್ರಿಜ್ ಹಾಳಾಗುತ್ತದೆಯೇ? – ಓದುಗರು, ಷಾರ್ಲೆಟ್

ಉತ್ತರ: ಪಕ್ಕಕ್ಕೆ 3 ಡಿಗ್ರಿ, ಹಿಂದು-ಮುಂದಕ್ಕೆ 6 ಡಿಗ್ರಿವರೆಗೆ ಇಂದಿನ ಫ್ರಿಜ್ಜುಗಳು ತಾಳಿಕೊಳ್ಳುತ್ತವೆ. ಅದಕ್ಕಿಂತ ಹೆಚ್ಚು ವಾಲಿದರೆ ದ್ರವ ತನ್ನಷ್ಟಕ್ಕೆ ಹರಿದು ಬಾಯ್ಲರಿಗೆ ಮರಳುವುದಿಲ್ಲ. ಬಾಯ್ಲರ್ ಬರಿದಾಗಿ ಕಾಯುತ್ತದೆ. ತುಕ್ಕು ತಡೆಯಲು ದ್ರವಕ್ಕೆ ಬೆರೆಸಿದ ಸೋಡಿಯಂ ಕ್ರೋಮೇಟ್ ಹರಳುಗಟ್ಟಿ, ಪೆನ್ನಿನ ರೀಫಿಲ್‌ನಷ್ಟು ಸಪೂರವಾದ ಪಂಪ್ ಕೊಳವೆಯನ್ನು ಕಟ್ಟಿಸುತ್ತದೆ. ಈ ಹಾನಿ ಸ್ವಲ್ಪಸ್ವಲ್ಪವಾಗಿ ಕೂಡುತ್ತಾ ಹೋಗುತ್ತದೆ, ಮತ್ತೆ ಸರಿಹೋಗುವುದಿಲ್ಲ. ರಸಮಟ್ಟವನ್ನು ಫ್ರೀಜರಿನ ತಳದ ಮೇಲೇ ಇಟ್ಟು ನೋಡಿ, ಊಟದ ಮೇಜಿನ ಮೇಲಲ್ಲ. ಸಮ ಮಾಡಲಾಗದಿದ್ದರೆ ರಾತ್ರಿ ಆಫ್ ಮಾಡಿ ಬಿಡಿ; ಬಾಗಿಲು ತೆರೆಯದಿದ್ದರೆ ಬೆಳಗಿನವರೆಗೆ ತಂಪು ನಿಲ್ಲುತ್ತದೆ. ಚಲಿಸುವಾಗ ವಾಹನ ಆಚೀಚೆ ವಾಲುತ್ತಿರುವುದರಿಂದ ತೊಂದರೆ ಇಲ್ಲ.

ಪ್ರಶ್ನೆ: ಫ್ರಿಜ್ ತೆರೆದರೆ ಮೂಗಿಗೆ ಘಾಟು ಹೊಡೆಯುತ್ತದೆ. ಹಿಂಬದಿ ಕೊಳವೆಯ ಮೇಲೆ ಹಳದಿ ಪುಡಿ ಕಂಡಿತು. ಗ್ಯಾಸ್ ತುಂಬಿಸಿದರೆ ಆಗುತ್ತದೆಯೇ? ತಲೆಕೆಳಗು ಮಾಡಿಟ್ಟರೆ ಸರಿಯಾಗುತ್ತದೆ ಎಂದೂ ಕೇಳಿದ್ದೇವೆ. – ಓದುಗರು, ಎಡಿಸನ್, ನ್ಯೂಜೆರ್ಸಿ

ಉತ್ತರ: ಈಗಲೇ ಗ್ಯಾಸ್, ಕರೆಂಟ್ ಎರಡನ್ನೂ ನಿಲ್ಲಿಸಿ, ಕಿಟಕಿಗಳನ್ನು ತೆರೆದು ಹೊರಗೆ ಬನ್ನಿ. ಘಾಟು ಅಮೋನಿಯಾದ್ದು, ಹಳದಿ ಪುಡಿ ಕ್ರೋಮೇಟ್. ಅದು ವಿಷ, ಬರಿಗೈಯಲ್ಲಿ ಮುಟ್ಟಬೇಡಿ. ಕೊಳವೆ ಒಡೆದಿದೆ; ಅಮೋನಿಯಾ ಜೊತೆ ಹೊತ್ತಿಕೊಳ್ಳುವ ಹೈಡ್ರೋಜನ್ನೂ ಹೊರಬರುತ್ತದೆ. ಮತ್ತೆ ಆನ್ ಮಾಡಿ ನೋಡುವ ಆಸೆ ಬೇಡ. 1997ರಿಂದ 2003ರ ನಡುವೆ ತಯಾರಾದ ಎರಡು ಬಾಗಿಲಿನ ಡೊಮೆಟಿಕ್ ಫ್ರಿಜ್ಜುಗಳನ್ನು ಬಾಯ್ಲರ್ ಕೊಳವೆ ಬಿರುಕು ಬಿಟ್ಟು ಬೆಂಕಿ ಹತ್ತುವ ಅಪಾಯದ ಕಾರಣಕ್ಕೇ 2006ರಲ್ಲಿ ರೀಕಾಲ್ ಮಾಡಲಾಗಿತ್ತು. ಹಳೆಯ ವಾಹನ ಕೊಂಡವರು ಫ್ರಿಜ್ಜಿನ ಒಳಗಿನ ಫಲಕದ ಮಾದರಿ ಮತ್ತು ಸೀರಿಯಲ್ ಸಂಖ್ಯೆ ಕೊಟ್ಟು ತಯಾರಕರಲ್ಲಿ ವಿಚಾರಿಸಿ.

ಗ್ಯಾಸ್ ತುಂಬಿಸುವ ಪ್ರಶ್ನೆಯೇ ಇಲ್ಲ. ಬೆಸುಗೆ ಹಾಕಿ ಮುಚ್ಚಿದ, ಒಳಗೆ ಸುಮಾರು 25 ಬಾರ್ ಒತ್ತಡ ಇರುವ ಘಟಕ ಇದು. ಏಸಿಗೆ ತುಂಬಿದಂತೆ ಬೀದಿಯ ಅಂಗಡಿಯಲ್ಲಿ ಆಗುವ ಕೆಲಸವಲ್ಲ. ತಲೆಕೆಳಗು ಮಾಡುವುದು ಸೋರಿಕೆಗೆ ಮದ್ದಲ್ಲ. ಮಲಗಿಸಿ ಸಾಗಿಸಿದ್ದರಿಂದ ದ್ರವ ಎಲ್ಲೋ ಸಿಕ್ಕಿಕೊಂಡಿದ್ದರೆ ಅದು ಕೆಲವೊಮ್ಮೆ ಫಲಿಸುತ್ತದೆ. ಹರಳು ಕಟ್ಟಿದ್ದಕ್ಕೆ ಫಲಿಸದು. ಬೆನ್ನು ಮುರಿಯುವ ಆ ಕೆಲಸ ನಮ್ಮ ಲೆಕ್ಕದಲ್ಲಿ ದಂಡ.

ಉಳಿದದ್ದು ಎರಡು ದಾರಿ. ಕೂಲಿಂಗ್ ಯುನಿಟ್ಟೊಂದನ್ನೇ ಬದಲಿಸಬಹುದು. ಇಂಡಿಯಾನಾದ ಆಮಿಶ್ ಎಂಬ ಕ್ರೈಸ್ತ ಪಂಗಡದ ಕುಶಲಕರ್ಮಿಗಳು ಕಟ್ಟುವ ಯುನಿಟ್‌ಗಳಿಗೆ ಒಳ್ಳೆಯ ಹೆಸರಿದೆ. ಕೂರಿಸುವಾಗ ಯುನಿಟ್ಟಿಗೂ ಒಳಗಿನ ಫಿನ್ ಫಲಕಕ್ಕೂ ನಡುವೆ ಶಾಖ ದಾಟಿಸುವ ಮಾಸ್ಟಿಕ್ ಲೇಪ ಬಿಡುವಿಲ್ಲದಂತೆ ತಾಗಬೇಕು, ಅಂಚುಗಳಲ್ಲಿ ಫೋಮ್ ತುಂಬಬೇಕು. ಅಲ್ಲಿ ಸೋಮಾರಿತನ ಮಾಡಿದರೆ ಹೊಸ ಯುನಿಟ್ಟೂ ತಣ್ಣಗೆ ಮಾಡುವುದಿಲ್ಲ. ಇಲ್ಲವೇ 12 ವೋಲ್ಟಿನ ಕಂಪ್ರೆಸರ್ ಫ್ರಿಜ್ಜಿಗೆ ಹೋಗಬಹುದು. ಸೋಲಾರ್ ಮತ್ತು ಲಿಥಿಯಂ ಬ್ಯಾಟರಿ ಇದ್ದರೆ, ಅಥವಾ ಯಾವಾಗಲೂ ಕರೆಂಟ್ ಇರುವ ಕ್ಯಾಂಪಿನಲ್ಲೇ ಇಳಿಯುವವರಾದರೆ, ಎರಡನೆಯದೇ ಸರಿ. ಕರೆಂಟೇ ಇಲ್ಲದ ಕಾಡಿನಲ್ಲಿ ವಾರಗಟ್ಟಲೆ ಇರುವವರಿಗೆ ಗ್ಯಾಸಿನದಕ್ಕೆ ಸಾಟಿ ಇಲ್ಲ: ಗಂಟೆಗೆ 1,500 ಬಿಟಿಯು (ಶಾಖದ ಅಳತೆ) ಬರ್ನರ್ ನಿಲ್ಲದೆ ಉರಿದರೂ ದಿನಕ್ಕೆ ಮುಕ್ಕಾಲು ಕಿಲೋ ಪ್ರೊಪೇನ್, 9 ಕಿಲೋ ಸಿಲಿಂಡರ್ 12 ದಿನ ಬರುತ್ತದೆ.

ಪ್ರಶ್ನೆ: ಕಾರು ಎಳೆಯುವ ಕ್ಯಾರವಾನಿನ ತ್ರೀ-ವೇ (ಗ್ಯಾಸ್, ಮನೆ ಕರೆಂಟ್, 12 ವೋಲ್ಟ್ ಮೂರರಲ್ಲೂ ಓಡುವ) ಫ್ರಿಜ್ 12 ವೋಲ್ಟಿನಲ್ಲಿ, ಕಾರು ಓಡುವಾಗ, ತಣ್ಣಗಾಗುವುದೇ ಇಲ್ಲ. – ಓದುಗರು, ಮೆಲ್ಬರ್ನ್

ಉತ್ತರ: ತಂತಿ ಸಣ್ಣದಾಗಿದೆ. 175 ವ್ಯಾಟಿನ ಎಲಿಮೆಂಟ್ 14.6 ಆಂಪಿಯರ್ ಎಳೆಯುತ್ತದೆ. ಕಾರಿನ ಬ್ಯಾಟರಿಯಿಂದ ಫ್ರಿಜ್ಜಿಗೆ 8 ಮೀಟರ್ ಎಂದಿಟ್ಟುಕೊಳ್ಳಿ, ಹೋಗಿಬರಲು 16. 1.5 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ ಸುಮಾರು 2.7 ವೋಲ್ಟ್ ದಾರಿಯಲ್ಲೇ ಕರಗುತ್ತದೆ, 6 ಚದರ ಮಿಲಿಮೀಟರಿನದರಲ್ಲಿ 0.7. ಇಂಜಿನ್ ಓಡುತ್ತಿರುವಾಗ ಫ್ರಿಜ್ಜಿನ ಟರ್ಮಿನಲ್ಲಿನಲ್ಲೇ ಅಳೆಯಿರಿ; 12ಕ್ಕಿಂತ ಕೆಳಗಿದ್ದರೆ ದಪ್ಪ ತಂತಿ, ಹೆಚ್ಚು ಕರೆಂಟ್ ತಾಳುವ ಆ್ಯಂಡರ್ಸನ್ ಪ್ಲಗ್, ತಕ್ಕ ಫ್ಯೂಸ್ ಹಾಕಿಸಿ. ಅಷ್ಟಾದರೂ 12 ವೋಲ್ಟಿನದು ಮೊದಲೇ ತಣ್ಣಗಾದದ್ದನ್ನು ಕಾಯ್ದುಕೊಳ್ಳಲಷ್ಟೇ ಸಾಕು. ಇಂಜಿನ್ ನಿಲ್ಲಿಸಿದಾಗ ರಿಲೇ ಕಡಿತಗೊಳಿಸುವಂತಿರಲಿ, ಇಲ್ಲವಾದರೆ ಊಟ ಮುಗಿಸಿ ಬರುವಷ್ಟರಲ್ಲಿ ಬ್ಯಾಟರಿ ಸೊರಗಿರುತ್ತದೆ.

ಪ್ರಶ್ನೆ: ನಮ್ಮ ರೆಸಾರ್ಟಿನ ಕೋಣೆಗಳಿಗೆ ಸದ್ದಿಲ್ಲದ ಮಿನಿಬಾರ್ ಫ್ರಿಜ್ ಹಾಕಿಸಿದ್ದೇವೆ. ನೀರಿನ ಬಾಟಲಿ ತಣ್ಣಗೇ ಆಗುವುದಿಲ್ಲ ಎಂದು ಅತಿಥಿಗಳ ದೂರು. ಇದೂ ಅದೇ ಜಾತಿಯದೇ? – ಓದುಗರು, ಮಡಿಕೇರಿ

ಉತ್ತರ: ಕಂಪ್ರೆಸರಿನ ಸದ್ದೂ ಇಲ್ಲ, ಫ್ಯಾನೂ ಇಲ್ಲ, ಹಿಂದೆ ಬಿಸಿಯಾಗುವ ಕರಿ ಕೊಳವೆಗಳಿವೆ ಎಂದಾದರೆ ಅದೇ ಜಾತಿ, ಗ್ಯಾಸ್ ಒಂದಿಲ್ಲ. 230 ವೋಲ್ಟಿನ 60 ವ್ಯಾಟ್ ಎಲಿಮೆಂಟ್ ಸುಮಾರು 880 ಓಮ್ ತೋರಿಸಬೇಕು. ಆದರೆ ಮೀಟರ್ ತೆಗೆಯುವ ಮೊದಲು ಮರದ ಕಪಾಟು ನೋಡಿ. ಬಡಗಿ ಅಂದವಾಗಿ ಹಿಂಬದಿಗೆ ಪ್ಲೈವುಡ್ ಬಡಿದು ಮುಚ್ಚಿರುತ್ತಾನೆ, ಬಿಸಿ ಅಲ್ಲೇ ಸುತ್ತುತ್ತದೆ. ಕಪಾಟಿನ ತಳದಲ್ಲಿ ಗಾಳಿ ಒಳಬರಲು, ಹಿಂಬದಿಯ ಮೇಲ್ತುದಿಯಲ್ಲಿ ಹೊರಹೋಗಲು ಅಗಲ ಕಿಂಡಿ ಕೊರೆಸಿ.

ಆಮೇಲೆ ಬಾಗಿಲ ಪಕ್ಕದ ಕೀ-ಕಾರ್ಡ್ ಸ್ವಿಚ್. ಅತಿಥಿ ಬೆಳಿಗ್ಗೆ ಅಬ್ಬಿ ಜಲಪಾತಕ್ಕೆ ಹೊರಟು ಕಾರ್ಡ್ ಕಿತ್ತುಕೊಂಡರೆ ದೀಪದ ಜೊತೆ ಫ್ರಿಜ್ಜೂ ಆರುತ್ತದೆ, ಸಂಜೆ ಬಂದ ಮೇಲೆ ಮತ್ತೆ ಸೊನ್ನೆಯಿಂದ ಶುರು. ತಣ್ಣಗಾಗಲು ಏಳೆಂಟು ಗಂಟೆ ಬೇಕಾದ ಯಂತ್ರಕ್ಕೆ ರಾತ್ರಿಯ ಹೊತ್ತಷ್ಟೇ ಸಿಕ್ಕರೆ ಬಾಟಲಿ ತಣ್ಣಗಾಗುವುದು ಅತಿಥಿ ಕೋಣೆ ಖಾಲಿ ಮಾಡುವ ಹೊತ್ತಿಗೆ. ಎಲೆಕ್ಟ್ರಿಷಿಯನ್‌ಗೆ ಹೇಳಿ ಫ್ರಿಜ್ಜಿನ ಪಾಯಿಂಟನ್ನು ಕಾರ್ಡಿನ ಲೈನಿನಿಂದ ಬಿಡಿಸಿ, ನೇರ ಲೈನಿಗೆ ಕೊಡಿಸಿ.